ಎಲ್ಲ ಸೋಲೂ ಒಂದೇ ಅಲ್ಲ

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್‌ನ ಪಿ.ಜಿ.ಗಳಲ್ಲಿ ಇದ್ದುಕೊಂಡು ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಅಂತ ಓದುತ್ತಿರುವ ಮಕ್ಕಳೇ, ಈ ಮಾತು ನಿಮಗೆ. ಈ ಬಡಾವಣೆಯಲ್ಲೇ ಮುದುಕನಾದ ಮೇಷ್ಟ್ರು ನಾನು. ಫಲಿತಾಂಶ ಬಂದ ವಾರ ಯಾವುದು ಎಂಬುದು ಬೆಳಿಗ್ಗೆ ವಾಕಿಂಗ್ ಹೊರಟಾಗ ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ. ಪ್ರಿಲಿಮ್ಸ್ ಕೈತಪ್ಪಿತು ಅಂದ ಕೂಡಲೇ ಕೋಚಿಂಗ್ ಸೆಂಟರ್ ಬದಲಾಗುತ್ತದೆ, ಜೆರಾಕ್ಸ್ ಅಂಗಡಿಯಿಂದ ಹೊಸ ನೋಟ್ಸ್ ಬರುತ್ತದೆ, ಅಲ್ಲಿಯವರೆಗೆ ಓದಿದ್ದೆಲ್ಲ ಮಂಚದ ಕೆಳಗೆ ಹೋಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬುದ್ಧಿವಾದ ಬೇಡ, ನಿಮ್ಮ ಪಕ್ಕದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ, ಕೇಳಿ.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆ ಹೋದರೆ ಜ್ಞಾನಭಾರತಿ ನಿಲ್ದಾಣ ಬರುತ್ತದಲ್ಲ, ಆ ಕ್ಯಾಂಪಸ್ಸಿನೊಳಗೆ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಎಲ್ಲರೂ ‘ಸಾಯ್’ ಅನ್ನುತ್ತಾರೆ. ಭಾರತದ ಮಹಿಳಾ ಹಾಕಿ ತಂಡ ಟೋಕಿಯೊ ಒಲಿಂಪಿಕ್ಸ್‌ಗೆ ತಯಾರಾದದ್ದು ಅಲ್ಲಿ. ಊರು ಹರಿಯಾಣವೋ ಒಡಿಶಾವೋ ಮಣಿಪುರವೋ ಆಗಿದ್ದರೂ ವರ್ಷದ ಬಹುಪಾಲು ಆ ಹುಡುಗಿಯರು ನಮ್ಮ ಕೆಂಗೇರಿ ಪಕ್ಕದವರೇ ಆಗಿದ್ದರು. ನಿಮ್ಮಲ್ಲೂ ಬೀದರ್, ರಾಯಚೂರು, ವಿಜಯಪುರ ಬಿಟ್ಟು ಬಂದವರೇ ಹೆಚ್ಚು. ಹಾಗಾಗಿ ಅವರ ಕಥೆ ನಿಮಗೆ ಬೇಗ ಅರ್ಥವಾಗುತ್ತದೆ.

ಮೊದಲು 2016ರ ರಿಯೊ ನೋಡಿ. 36 ವರ್ಷಗಳ ನಂತರ ಭಾರತದ ಮಹಿಳಾ ಹಾಕಿಗೆ ಒಲಿಂಪಿಕ್ಸ್ ಅವಕಾಶ ಸಿಕ್ಕಿತ್ತು. ಜಪಾನ್ ಜೊತೆ ಒಂದು ಡ್ರಾ, ಮಿಕ್ಕ ನಾಲ್ಕೂ ಸೋಲು. ಹೊಡೆದ ಗೋಲು 3, ಬಿಟ್ಟುಕೊಟ್ಟದ್ದು 19. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಈ ಸೋಲಿಗೆ ದುರದೃಷ್ಟ ಕಾರಣವಲ್ಲ. ಯುರೋಪಿನವರ, ಆಸ್ಟ್ರೇಲಿಯಾದವರ ಓಟಕ್ಕೆ ನಮ್ಮವರ ಉಸಿರು ಸಾಲುತ್ತಿರಲಿಲ್ಲ. ಬದಲಾಗಲೇಬೇಕಿತ್ತು, ಬದಲಾದರು. ನೆದರ್ಲೆಂಡ್ಸ್‌ನ ಶೋರ್ಡ್ ಮರೈನ್ 2017ರಲ್ಲಿ ಕೋಚ್ ಆಗಿ ಬಂದರು. ನಡುವೆ ಅವರನ್ನು ಪುರುಷರ ತಂಡಕ್ಕೆ ಕಳಿಸಿ, 2018ರಲ್ಲಿ ಮತ್ತೆ ಇವರಿಗೇ ಕೊಟ್ಟರು. ದಕ್ಷಿಣ ಆಫ್ರಿಕಾದ ವೇಯ್ನ್ ಲೊಂಬಾರ್ಡ್ ಫಿಟ್ನೆಸ್ ನೋಡಿಕೊಂಡರು. ತಿನ್ನುವುದು, ಮಲಗುವುದು, ಓಡುವುದು ಎಲ್ಲಕ್ಕೂ ಲೆಕ್ಕ ಬಂತು. ನಾಲ್ಕು ಕ್ವಾರ್ಟರ್ ಕಳೆದರೂ ಕಾಲು ಸೋಲದ ತಂಡವೊಂದು ಹೀಗೆ ವರ್ಷಗಟ್ಟಲೆ ತಯಾರಾಯಿತು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಬಂತು. 2019ರ ನವೆಂಬರಿನಲ್ಲಿ ಭುವನೇಶ್ವರದಲ್ಲಿ ಅಮೆರಿಕದ ಎದುರು ಅರ್ಹತೆಯ ಎರಡು ಪಂದ್ಯ. ಮೊದಲನೆಯದನ್ನು 5–1ರಿಂದ ಗೆದ್ದವರು ಎರಡನೆಯದರಲ್ಲಿ ಅರ್ಧ ಹೊತ್ತಿಗೇ 0–4 ಹಿಂದೆ ಬಿದ್ದು, ಒಟ್ಟು ಲೆಕ್ಕ ಸಮವಾಗಿಬಿಟ್ಟಿತ್ತು. ನಾಯಕಿ ರಾಣಿ ರಾಂಪಾಲ್ ಹೊಡೆದ ಒಂದು ಗೋಲಿನಿಂದ 6–5ರ ಅಂತರದಲ್ಲಿ ಟೋಕಿಯೊ ದಾರಿ ತೆರೆಯಿತು.

ಆಮೇಲೆ ಕೊರೋನಾ ಬಂತು. 2020ರ ಮಾರ್ಚ್‌ನಿಂದ ಜೂನ್‌ವರೆಗೆ ಆ ಹುಡುಗಿಯರು ಸಾಯ್ ಆವರಣದೊಳಗೇ ಉಳಿದರು. ಮೈದಾನ ಕಣ್ಣೆದುರಿಗಿದ್ದರೂ ಆಟವಿಲ್ಲ, ಕೋಣೆಯಲ್ಲೇ ವ್ಯಾಯಾಮ. ಆ ದಿನಗಳಲ್ಲೂ ಫಿಟ್ನೆಸ್ ಸವಾಲೊಂದನ್ನು ನಡೆಸಿ ಬಡವರಿಗಾಗಿ 20 ಲಕ್ಷ ರೂಪಾಯಿ ಕೂಡಿಸಿದರು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. 2021ರ ಆರಂಭದಲ್ಲಿ ಜರ್ಮನಿಗೆ ಹೋಗಿ ನಾಲ್ಕೂ ಪಂದ್ಯ ಸೋತು ಬಂದರು. ಏಪ್ರಿಲ್ ಕೊನೆಗೆ ಮನೆಗೆ ಹೋಗಿ ಬೆಂಗಳೂರಿಗೆ ಮರಳಿದಾಗ ರಾಣಿಯೂ ಸೇರಿ ಏಳು ಆಟಗಾರ್ತಿಯರಿಗೆ ಸೋಂಕು. ಅದೇ ದಿನಗಳಲ್ಲಿ ವಂದನಾ ಕಟಾರಿಯಾ ಅವರ ತಂದೆ ಹರಿದ್ವಾರದ ಬಳಿಯ ಊರಿನಲ್ಲಿ ತೀರಿಕೊಂಡರು. ವಂದನಾ ಶಿಬಿರದಲ್ಲಿದ್ದರು. ಅಪ್ಪನ ಮುಖವನ್ನು ಕೊನೆಯ ಸಲ ನೋಡಲು ಆಗಲಿಲ್ಲ. ನಮ್ಮ ಮನೆಗಳಿಂದ ನಾಲ್ಕಾರು ಮೈಲಿ ದೂರದಲ್ಲಿ ಒಬ್ಬ ಹೆಣ್ಣುಮಗಳು ಇಂಥ ದುಃಖ ನುಂಗಿಕೊಂಡು ಸ್ಟಿಕ್ ಹಿಡಿದಳು. ನಮಗೆ ಅದರ ಸುಳಿವೇ ಇರಲಿಲ್ಲ.

ಈಗ ಟೋಕಿಯೊ. ಜುಲೈ 24ರಂದು ನೆದರ್ಲೆಂಡ್ಸ್ ಎದುರು 1–5. 26ರಂದು ಜರ್ಮನಿ ಎದುರು 0–2. ಅದರಲ್ಲಿ ಗುರ್ಜೀತ್ ಕೌರ್ ಪೆನಾಲ್ಟಿ ಸ್ಟ್ರೋಕ್ ಕೈಚೆಲ್ಲಿದರು. 28ರಂದು ಬ್ರಿಟನ್ ಎದುರು 1–4. ಮೂರು ಪಂದ್ಯ, ಮೂರು ಸೋಲು, ಖಾತೆಯಲ್ಲಿ ಸೊನ್ನೆ. ಪಟ್ಟಿಯನ್ನಷ್ಟೇ ನೋಡಿದವರಿಗೆ ಮತ್ತೆ ರಿಯೊ ಕಂಡಿತು. ನಾವು ಟಿ.ವಿ. ಮುಂದೆ ಕೂತವರೂ ಹಾಗೇ ಅಂದುಕೊಂಡೆವು.

ಇಲ್ಲಿ ಸ್ವಲ್ಪ ನಿಲ್ಲಿ. ರಿಯೊ ಸೋಲಿಗೂ ಈ ಸೋಲಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಒಳಗಿದ್ದವರಿಗೆ ಗೊತ್ತಿತ್ತು. ರಿಯೊದಲ್ಲಿ ತಯಾರಿಯೇ ಸಾಲದಾಗಿತ್ತು. ಟೋಕಿಯೊದಲ್ಲಿ ತಯಾರಿ ಇತ್ತು, ಎದುರಾಳಿಗಳು ಆಗ ಜಗತ್ತಿನ ಅತ್ಯುತ್ತಮರು, ಜೊತೆಗೆ ನಮ್ಮವರು ಒಟ್ಟಾಗಿ ಆಡುವುದನ್ನು ಮರೆತಿದ್ದರು. ಮೊದಲ ಸೋಲು ಕೇಳಿದ್ದು ಬುಡದಿಂದ ಬದಲಾವಣೆ. ಎರಡನೆಯದು ಕೇಳಿದ್ದು ಸಣ್ಣ ತಿದ್ದುಪಡಿ ಮತ್ತು ತಾಳ್ಮೆ. ಕೋಚ್ ಹುಡುಗಿಯರನ್ನು ಕೂರಿಸಿ ಒಂದು ಸಿನಿಮಾ ತೋರಿಸಿದರಂತೆ, ಕಳೆದದ್ದು ಬಿಟ್ಟು ಈ ಗಳಿಗೆಯಲ್ಲಿ ಬದುಕುವ ಬಗ್ಗೆ. ಆಟದ ರೀತಿ ಅದೇ ಉಳಿಯಿತು, ನಂಬಿದ ಆಟಗಾರ್ತಿಯರೂ ಅವರೇ.

30ರಂದು ಐರ್ಲೆಂಡ್ ಎದುರು ಪೆನಾಲ್ಟಿ ಕಾರ್ನರ್ ಮೇಲೆ ಪೆನಾಲ್ಟಿ ಕಾರ್ನರ್ ಸಿಕ್ಕರೂ ಗೋಲು ಆಗಲೊಲ್ಲದು. ಪಂದ್ಯ ಮುಗಿಯಲು ಮೂರು ನಿಮಿಷ ಇರುವಾಗ, 57ನೇ ನಿಮಿಷದಲ್ಲಿ, ನವನೀತ್ ಕೌರ್ ಚೆಂಡನ್ನು ಒಳಗೆ ತಳ್ಳಿದರು. ಮರುದಿನವೇ ದಕ್ಷಿಣ ಆಫ್ರಿಕಾ ಎದುರು 4–3. ವಂದನಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಹಾಕಿ ಹ್ಯಾಟ್ರಿಕ್ ಅದು. ಅಷ್ಟು ಮಾಡಿದರೂ ಭವಿಷ್ಯ ಅವರ ಕೈಲಿರಲಿಲ್ಲ. ಅದೇ ಸಂಜೆ ಬ್ರಿಟನ್ ಐರ್ಲೆಂಡನ್ನು 2–0ರಿಂದ ಸೋಲಿಸಿದ ಮೇಲಷ್ಟೇ ಕ್ವಾರ್ಟರ್‌ಫೈನಲ್ ಖಚಿತವಾಯಿತು. ಕಟ್‌ಆಫ್‌ಗಾಗಿ ಕಾಯುವ ನಿಮಗೆ ಆ ಸಂಜೆ ಹೇಗಿದ್ದಿರಬಹುದೆಂದು ನಾನು ಹೇಳಬೇಕಿಲ್ಲ. ಪಟ್ಟ ಶ್ರಮಕ್ಕೆ ಒಂದಿಷ್ಟು ಅದೃಷ್ಟವೂ ಸೇರಬೇಕು. ಇದನ್ನು ಮುಚ್ಚಿಡುವ ಹಿರಿಯರ ಮಾತು ನಂಬಬೇಡಿ.

ಆಗಸ್ಟ್ 2ರಂದು ಎದುರಿಗಿದ್ದದ್ದು ಆಸ್ಟ್ರೇಲಿಯಾ. ಗುಂಪಿನ ಐದೂ ಪಂದ್ಯ ಗೆದ್ದು, ಒಂದೇ ಒಂದು ಗೋಲು ಬಿಟ್ಟುಕೊಟ್ಟು ಬಂದ ತಂಡ. 22ನೇ ನಿಮಿಷಕ್ಕೆ ಭಾರತಕ್ಕೊಂದು ಪೆನಾಲ್ಟಿ ಕಾರ್ನರ್. ಹೊಡೆಯಲು ಬಂದವರು ಯಾರು? ಜರ್ಮನಿ ಎದುರು ಸ್ಟ್ರೋಕ್ ಕೈಚೆಲ್ಲಿದ್ದ ಅದೇ ಗುರ್ಜೀತ್. ಗೋಲು. ಮಿಕ್ಕ 38 ನಿಮಿಷ ಗೋಲ್‌ಕೀಪರ್ ಸವಿತಾ ಪೂನಿಯಾ ಮತ್ತು ಮುಂದಿದ್ದ ಹುಡುಗಿಯರು ಆಸ್ಟ್ರೇಲಿಯಾವನ್ನು ಗೋಡೆಯಂತೆ ತಡೆದರು. 1–0. ಭಾರತದ ಮಹಿಳೆಯರು ಒಲಿಂಪಿಕ್ಸ್ ಸೆಮಿಫೈನಲ್‌ಗೆ ಹೋದದ್ದು ಅದೇ ಮೊದಲು. ಬೆಂಚಿನಲ್ಲಿ ಸಹಾಯಕ ಕೋಚ್ ಆಗಿ ನಮ್ಮ ಕೊಡಗಿನ ಅಂಕಿತಾ ಬಿ.ಎಸ್. ಇದ್ದರು.

ಪದಕ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 2–1ರಿಂದ ಗೆದ್ದಿತು. ಅಂದು ವಂದನಾ ಅವರ ಮನೆ ಮುಂದೆ ಕೆಲವರು ಪಟಾಕಿ ಹಚ್ಚಿ ಜಾತಿ ಎತ್ತಿ ಬೈದರು. ಈ ದೇಶದ ನಾಚಿಕೆ ಅದು. ಕಂಚಿನ ಪಂದ್ಯದಲ್ಲಿ 0–2 ಹಿಂದಿದ್ದವರು ಐದೇ ನಿಮಿಷದಲ್ಲಿ ಮೂರು ಗೋಲು ಹೊಡೆದು ಮುಂದೆ ಬಂದರು, ಅದರಲ್ಲಿ ಒಂದು ವಂದನಾ ಅವರದೇ. ಕೊನೆಗೆ ಬ್ರಿಟನ್ 4–3ರಿಂದ ಗೆದ್ದಿತು. ಹನ್ನೆರಡನೆಯವರಾಗಿದ್ದವರು ನಾಲ್ಕನೆಯವರಾದರು.

ಮುಂದಿನದನ್ನೂ ಹೇಳಿಬಿಡುತ್ತೇನೆ. 2022ರ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಬಂತು. ಆದರೆ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0–1 ಸೋತು ಪ್ಯಾರಿಸ್ ಒಲಿಂಪಿಕ್ಸ್‌ಗೇ ಹೋಗಲಾಗಲಿಲ್ಲ. ಒಮ್ಮೆ ಎದ್ದವರು ಎದ್ದೇ ಇರುತ್ತಾರೆ ಎಂಬ ಭರವಸೆ ಆಟದಲ್ಲಿ ಇಲ್ಲ, ನಿಮ್ಮ ಪರೀಕ್ಷೆಗಳಲ್ಲೂ ಇಲ್ಲ. ಅದಕ್ಕೇ ವಯಸ್ಸಿನ ಲೆಕ್ಕವನ್ನೂ ಮನೆಯ ಪರಿಸ್ಥಿತಿಯನ್ನೂ ಮರೆಯಬೇಡಿ, ಬೇರೊಂದು ಕೆಲಸ ಹಿಡಿದವರನ್ನು ಸೋತವರೆಂದು ಕರೆಯಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಸಲ ಫಲಿತಾಂಶ ಬಂದಾಗ ಹೊಸ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ವಾರ ತಡೆಯಿರಿ. ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡನ್ನೂ ಎದುರಿಗಿಟ್ಟುಕೊಂಡು ಕೂತು ನೋಡಿ. ಗೊತ್ತೇ ಇಲ್ಲದೆ ಬಿಟ್ಟವು ಎಷ್ಟು, ಗೊತ್ತಿದ್ದೂ ಅವಸರಕ್ಕೆ ತಪ್ಪಿದವು ಎಷ್ಟು, ಬೇರೆ ಬೇರೆ ಬರೆಯಿರಿ. ಮೊದಲನೆಯವು ಹೆಚ್ಚಿದ್ದರೆ ನಿಮ್ಮದು ರಿಯೊ ಸೋಲು, ಓದುವ ರೀತಿಯನ್ನೇ ಬದಲಿಸಿ. ಎರಡನೆಯವು ಹೆಚ್ಚಿದ್ದರೆ ಮಂಚದ ಕೆಳಗೆ ತಳ್ಳಿದ ನೋಟ್ಸನ್ನು ಹೊರಗೆ ತೆಗೆಯಿರಿ. ಮತ್ತೆ, ಊರಿನಲ್ಲಿರುವ ಅಪ್ಪ–ಅಮ್ಮನಿಗೆ ಅವತ್ತೇ ಫೋನ್ ಮಾಡಿ. ಪಾಸಾದಿರೋ ಇಲ್ಲವೋ, ಮಾಡಿ.