ಉದ್ದ ಸೀಳಿನ ಸಿಸೇರಿಯನ್ ಮತ್ತು ಮುಂದಿನ ಬಸಿರು

ನಮ್ಮ ನಾಡಿನಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಹಾಗೆ ಹೋದ ಒಬ್ಬಾಕೆಗೆ ತವರೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಯಿತೆಂದು ಭಾವಿಸೋಣ. ಬಾಣಂತನ ಮುಗಿದ ಮೇಲೆ ತಾಯಿಯೂ ಮಗುವೂ ಗಂಡನ ಮನೆಗೆ ಹಿಂದಿರುಗುತ್ತಾರೆ. ಆಸ್ಪತ್ರೆಯ ಕಾಗದಗಳು ಮಾತ್ರ ತವರಿನ ಬೀರುವಿನಲ್ಲಿಯೇ ಉಳಿದುಬಿಡುತ್ತವೆ. ಎರಡು ಮೂರು ವರ್ಷಗಳ ಅನಂತರ ಆಕೆ ಮತ್ತೆ ಬಸಿರಾಗಿ ಬೇರೊಂದು ಊರಿನ ವೈದ್ಯರ ಬಳಿಗೆ ಹೋದಾಗ, ಅವರು ಕೇಳುವ ಮುಖ್ಯವಾದ ಪ್ರಶ್ನೆ ಇದು: “ಹಿಂದಿನ ಸಲ ಗರ್ಭಕೋಶವನ್ನು ಅಡ್ಡವಾಗಿ ಸೀಳಿದ್ದರೋ, ಉದ್ದವಾಗಿ ಸೀಳಿದ್ದರೋ?” ಆಕೆ ತನ್ನ ಹೊಟ್ಟೆಯ ಮೇಲಿನ ಗುರುತನ್ನು ತೋರಿಸುತ್ತಾಳೆ. ಆದರೆ ಆ ಗುರುತು ಈ ಪ್ರಶ್ನೆಗೆ ಉತ್ತರವನ್ನು ಹೇಳಲಾರದು.

ಸಿಸೇರಿಯನ್ ಶಸ್ತ್ರಕ್ರಿಯೆಯಲ್ಲಿ ಸೀಳು ಎರಡು ಕಡೆ ಬೀಳುತ್ತದೆ. ಮೊದಲು ಹೊಟ್ಟೆಯ ಗೋಡೆಯಲ್ಲಿ, ಆಮೇಲೆ ಒಳಗಿರುವ ಗರ್ಭಕೋಶದಲ್ಲಿ. ಇವೆರಡೂ ಒಂದೇ ದಿಕ್ಕಿನಲ್ಲಿ ಇರಬೇಕೆಂಬ ನಿಯಮವಿಲ್ಲ. ಚರ್ಮದ ಮೇಲೆ ಅಡ್ಡಗೆರೆಯಿದ್ದು ಒಳಗೆ ಉದ್ದ ಸೀಳಿರಬಹುದು. ಚರ್ಮದ ಮೇಲೆ ಉದ್ದಗೆರೆಯಿದ್ದು ಒಳಗೆ ಅಡ್ಡ ಸೀಳಿರಬಹುದು. ಮುಂದಿನ ಬಸಿರಿನ ಹಣೆಬರಹವನ್ನು ಬರೆಯುವುದು ಒಳಗಿನ ಸೀಳೇ ಹೊರತು ಹೊರಗಿನದಲ್ಲ. ಇದಕ್ಕೆ ಕಾರಣವೇನೆಂಬುದನ್ನು ಈಗ ವಿಚಾರಮಾಡೋಣ.

ಗರ್ಭಕೋಶದ ಎರಡು ಭಾಗಗಳು

ಬಸಿರಿಲ್ಲದ ಕಾಲದಲ್ಲಿ ಗರ್ಭಕೋಶವು ತಲೆಕೆಳಗು ಮಾಡಿದ ಬೇರಿಕಾಯಿಯಂತೆ ಕಾಣುವ, ಸುಮಾರು ೭೦ ಗ್ರಾಂ ತೂಗುವ ಸಣ್ಣ ಅವಯವ. ದಿನ ತುಂಬುವ ಹೊತ್ತಿಗೆ ಅದರ ತೂಕವೇ ೧,೧೦೦ ಗ್ರಾಮಿನ ಹತ್ತಿರಕ್ಕೆ ಬರುತ್ತದೆ. ಮಗು, ಮಾಸು, ನೀರು ಎಲ್ಲವೂ ಸೇರಿ ಸುಮಾರು ೫ ಲೀಟರಿನಷ್ಟನ್ನು ಹಿಡಿಸಿಕೊಳ್ಳುವಂತೆ ಅದು ಹಿಗ್ಗುತ್ತದೆ. ಹೀಗೆ ಬೆಳೆದ ಗರ್ಭಕೋಶದಲ್ಲಿ ಎರಡು ಭಾಗಗಳನ್ನು ಗುರುತಿಸಬಹುದು. ಮೇಲಿನ ಭಾಗವು ದಪ್ಪನಾದ ಸ್ನಾಯುವಿನಿಂದ ಆದದ್ದು. ಹೆರಿಗೆ ಬೇನೆ ಬಂದಾಗ ಮುದುಡಿಕೊಂಡು ಮಗುವನ್ನು ಕೆಳಕ್ಕೆ ತಳ್ಳುವ ಕೆಲಸವೆಲ್ಲ ಈ ಭಾಗದ್ದು. ಕೆಳಗಿನ ಭಾಗವು ಬಸಿರಿನ ಕೊನೆಯ ತಿಂಗಳುಗಳಲ್ಲಿ ರೂಪುಗೊಳ್ಳುವ ತೆಳುವಾದ ಗೋಡೆ. ಇದು ತಳ್ಳುವುದಿಲ್ಲ, ಮೇಲಿನ ಭಾಗ ಎಳೆದಂತೆಲ್ಲ ಹಿಗ್ಗಿ, ಮಗುವಿಗೆ ದಾರಿ ಬಿಡುತ್ತದೆ.

ಇಂದು ನಡೆಯುವ ಬಹುಪಾಲು ಸಿಸೇರಿಯನ್ನುಗಳಲ್ಲಿ ಈ ಕೆಳಗಿನ ತೆಳುಗೋಡೆಯನ್ನು ಅಡ್ಡವಾಗಿ ಸೀಳುತ್ತಾರೆ. ಅಲ್ಲಿ ರಕ್ತಸ್ರಾವ ಕಡಿಮೆ, ಹೊಲಿಗೆ ಸುಲಭ. ಹೆರಿಗೆಯಾದ ಮೇಲೆ ಆ ಭಾಗಕ್ಕೆ ಹೆಚ್ಚಿನ ಕೆಲಸವಿಲ್ಲದ್ದರಿಂದ ಗಾಯವು ವಿಶ್ರಾಂತಿಯಲ್ಲಿದ್ದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಉದ್ದ ಸೀಳಾದರೋ ಮೇಲಿನ ದಪ್ಪ ಸ್ನಾಯುವಿನಲ್ಲಿ ಬೀಳುತ್ತದೆ. ಹೆರಿಗೆಯಾದೊಡನೆ ರಕ್ತ ಸುರಿಯದಂತೆ ತಡೆಯಲು ಆ ಸ್ನಾಯು ಮತ್ತೆ ಮತ್ತೆ ಬಿಗಿದುಕೊಳ್ಳಬೇಕು; ಮುಂದಿನ ಆರು ವಾರಗಳಲ್ಲಿ ಕುಗ್ಗಿ ಕುಗ್ಗಿ ತನ್ನ ಮೊದಲಿನ ಗಾತ್ರಕ್ಕೆ ಬರಬೇಕು. ಹಿಗ್ಗಿದ್ದಾಗ ಹಾಕಿದ ಹೊಲಿಗೆ, ಸ್ನಾಯು ಕುಗ್ಗಿದಂತೆ ಸಡಿಲವಾಗುತ್ತದೆ. ಅಂಗಿಯ ಅಂಚಿನಲ್ಲಿ ಹಾಕಿದ ಹೊಲಿಗೆಗೂ, ದಿನವೂ ನೂರು ಸಲ ಮಡಿಸಿ ನೀಡುವ ಮೊಳಕೈ ಬಳಿ ಹಾಕಿದ ಹೊಲಿಗೆಗೂ ಎಷ್ಟು ವ್ಯತ್ಯಾಸವೋ ಇಲ್ಲಿಯೂ ಅಷ್ಟೆ. ಮುಂದಿನ ಬಸಿರಿನಲ್ಲಿ ಬೇನೆ ಬಂದರೆ, ಬಲವೆಲ್ಲ ನೇರವಾಗಿ ಈ ಹಳೆಯ ಗಾಯದ ಮೇಲೆಯೇ ಬೀಳುತ್ತದೆ.

ಹೊಲಿಗೆಯ ಚರಿತ್ರೆ

ಗರ್ಭಕೋಶವನ್ನು ಹೊಲಿಯುವುದೇ ಒಂದು ಕಾಲದಲ್ಲಿ ವಿವಾದದ ವಿಷಯವಾಗಿತ್ತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಮುದುಡಿ ಹಿಗ್ಗುವ ಸ್ನಾಯುವಿನಲ್ಲಿ ಹೊಲಿಗೆ ನಿಲ್ಲದೆಂದು ಬಗೆದು, ಹಿಂದಿನ ವೈದ್ಯರು ಸೀಳನ್ನು ಹಾಗೆಯೇ ಬಿಡುತ್ತಿದ್ದರು. ರಕ್ತಸ್ರಾವದಿಂದಲೂ ನಂಜಿನಿಂದಲೂ ಬಹುಮಂದಿ ತಾಯಂದಿರು ಸಾಯುತ್ತಿದ್ದರು. ೧೮೭೬ರಲ್ಲಿ ಇಟಲಿಯ ಪಾವಿಯಾ ನಗರದ ಎಡ್ವಾರ್ಡೋ ಪೋರೋ ಎಂಬ ವೈದ್ಯನು ಮಗುವನ್ನು ತೆಗೆದೊಡನೆ ಗರ್ಭಕೋಶವನ್ನೇ ಕತ್ತರಿಸಿ ತೆಗೆದು ತಾಯಿಯನ್ನು ಬದುಕಿಸಿದನು. ಪ್ರಾಣವೇನೋ ಉಳಿಯಿತು, ಆದರೆ ಮುಂದಿನ ಬಸಿರಿನ ಮಾತೇ ಇಲ್ಲವಾಯಿತು. ೧೮೮೨ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಸ್ಯಾಂಗರ್ ಎಂಬಾತನು ಗರ್ಭಕೋಶದ ಸೀಳನ್ನು ಬೆಳ್ಳಿಯ ತಂತಿಯಿಂದಲೂ ರೇಷ್ಮೆಯ ದಾರದಿಂದಲೂ ಎಚ್ಚರಿಕೆಯಿಂದ ಹೊಲಿಯಬೇಕೆಂದು ವಾದಿಸಿದನು. ಸಿಸೇರಿಯನ್ ಆದ ಮೇಲೂ ಮತ್ತೆ ತಾಯಿಯಾಗಬಹುದೆಂಬ ಆಸೆಗೆ ಈ ಹೊಲಿಗೆಯೇ ಅಡಿಪಾಯ.

ಆ ಕಾಲದ ಸೀಳು ಸಾಮಾನ್ಯವಾಗಿ ಉದ್ದ ಸೀಳೇ ಆಗಿತ್ತು. ೧೯೧೬ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ವೈದ್ಯನು, ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಗತಿಯಾಗುವುದರಿಂದ ಮೊದಲನೆಯದನ್ನು ಮಾಡುವ ಮುನ್ನ ಚೆನ್ನಾಗಿ ಯೋಚಿಸಬೇಕೆಂದು ಎಚ್ಚರಿಸಿದನು. ಜರ್ಮನಿಯಲ್ಲಿ ಫರ್ಡಿನಾಂಡ್ ಕೇರರ್ ೧೮೮೧ರಲ್ಲಿಯೇ ಕೆಳಭಾಗದ ಅಡ್ಡ ಸೀಳನ್ನು ಪ್ರಯೋಗಿಸಿದ್ದರೂ, ಅದು ಬಳಕೆಗೆ ಬಂದದ್ದು ೧೯೨೦ರ ದಶಕದಿಂದ ಈಚೆಗೆ, ಗ್ಲಾಸ್ಗೋ ನಗರದ ಮನ್ರೋ ಕೆರ್ ಅವರ ಪ್ರಯತ್ನದ ಫಲವಾಗಿ. ಅಡ್ಡ ಸೀಳು ಬಂದ ಮೇಲೆ ಕ್ರೇಗಿನ್ನನ ಮಾತು ಎಲ್ಲರಿಗೂ ಅನ್ವಯಿಸದಂತಾಯಿತು. ಅನುಕೂಲವಾದ ಸಂದರ್ಭದಲ್ಲಿ ಅಂಥವರು ಮುಂದಿನ ಸಲ ಸಹಜವಾಗಿಯೇ ಹೆರಬಹುದೆಂದು ಅನುಭವದಿಂದ ತಿಳಿಯಿತು. ಉದ್ದ ಸೀಳಾದವರ ವಿಷಯದಲ್ಲಿ ಮಾತ್ರ ಆ ಮಾತು ಇಂದಿಗೂ ನಿಂತಿದೆ.

ಇಂದೂ ಉದ್ದ ಸೀಳು ಏಕೆ?

ಹಾಗಾದರೆ ಉದ್ದ ಸೀಳನ್ನು ಪೂರ್ತಿಯಾಗಿ ಕೈಬಿಡಬಾರದೆ ಎಂದು ಕೇಳಬಹುದು. ಕೆಲವು ಸಂದರ್ಭಗಳಲ್ಲಿ ಬೇರೆ ದಾರಿಯೇ ಇರುವುದಿಲ್ಲ. ಮಗು ಬಹಳ ಮುಂಚಿತವಾಗಿ, ಏಳನೆಯ ತಿಂಗಳಿಗೂ ಮೊದಲೇ ಹೊರಬರಬೇಕಾದಾಗ ಗರ್ಭಕೋಶದ ಕೆಳಭಾಗ ಇನ್ನೂ ರೂಪುಗೊಂಡಿರುವುದೇ ಇಲ್ಲ. ಮಗು ಅಡ್ಡಲಾಗಿ, ಬೆನ್ನು ಕೆಳಗಾಗಿ ಮಲಗಿದ್ದರೆ ಅಡ್ಡ ಸೀಳಿನಿಂದ ಅದನ್ನು ಹಿಡಿದು ತೆಗೆಯುವುದು ಕಷ್ಟ. ಕೆಳಭಾಗದಲ್ಲಿ ದೊಡ್ಡ ಗಡ್ಡೆಯಿದ್ದರೆ, ಮಾಸು ಅಲ್ಲಿಯೇ ಆಳವಾಗಿ ಬೇರೂರಿದ್ದರೆ, ಹಿಂದಿನ ಶಸ್ತ್ರಕ್ರಿಯೆಗಳಿಂದ ಒಳಗಿನ ಅವಯವಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ವೈದ್ಯರು ಮೇಲ್ಭಾಗವನ್ನೇ ಸೀಳಬೇಕಾಗುತ್ತದೆ. ಆದುದರಿಂದ ಉದ್ದ ಸೀಳು ವೈದ್ಯರ ತಪ್ಪೆಂದು ಯಾರೂ ಭಾವಿಸಬಾರದು. ಅನೇಕ ವೇಳೆ ಅದು ಕೈಜಾರಿ ಹೋಗುತ್ತಿದ್ದ ಮಗುವಿನ ಪ್ರಾಣವನ್ನು ಉಳಿಸಿದ ಸೀಳು.

ಅಪಾಯವೆಷ್ಟು?

ಅಡ್ಡ ಸೀಳಾದವರು ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಗರ್ಭಕೋಶ ಬಿರಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮೇಲ್ಭಾಗದಲ್ಲಿ ಉದ್ದ ಸೀಳಾದವರಲ್ಲಿ ಅದು ನೂರಕ್ಕೆ ೪ರಿಂದ ೯ ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಉದ್ದ ಸೀಳಿನ ಗಾಯ ಬಿರಿಯುವುದಕ್ಕೆ ಬೇನೆಯೇ ಬರಬೇಕೆಂದಿಲ್ಲ. ಇಂತಹ ಬಿರಿತಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಬೇನೆ ಆರಂಭವಾಗುವುದಕ್ಕೆ ಮೊದಲೇ, ಕೆಲವು ಸಲ ದಿನ ತುಂಬಲು ಎಷ್ಟೋ ವಾರಗಳಿರುವಾಗಲೇ ಸಂಭವಿಸುತ್ತವೆ. ಗರ್ಭಕೋಶ ಪೂರ್ತಿ ಬಿರಿದರೆ ತಾಯಿಗೆ ಒಳಗೇ ರಕ್ತ ಸುರಿಯುತ್ತದೆ. ಮಗುವಿಗೆ ಮಾಸಿನಿಂದ ಬರುವ ಪ್ರಾಣವಾಯು ನಿಂತುಹೋಗುತ್ತದೆ. ಆಗ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ.

ಈ ಅಂಕೆಗಳನ್ನು ಓದಿ ಎದೆಗುಂದಬೇಕಾಗಿಲ್ಲ. ಇದೇ ಲೆಕ್ಕದ ಮತ್ತೊಂದು ಮುಖವೆಂದರೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಗಾಯ ಬಿರಿಯುವುದಿಲ್ಲ. ಬೇನೆಗೆ ಅವಕಾಶ ಕೊಡದೆ ಮುಂಚಿತವಾಗಿ ಮಗುವನ್ನು ತೆಗೆದರೆ ಅಪಾಯ ಇನ್ನೂ ತಗ್ಗುತ್ತದೆ. ಉದ್ದ ಸೀಳು ಮತ್ತೊಂದು ಮಗುವಿಗೆ ಅಡ್ಡಿಯಲ್ಲ. ಹೆರಿಗೆ ಬೇನೆಗೆ ಮಾತ್ರ ಅಡ್ಡಿ. ಈ ಒಂದು ವಾಕ್ಯವನ್ನು ನೆನಪಿಟ್ಟರೆ ಉಳಿದುದೆಲ್ಲ ಅದರಿಂದಲೇ ಹೊಮ್ಮುತ್ತದೆ.

ಮುಂದಿನ ಬಸಿರನ್ನು ನಡೆಸುವ ಬಗೆ

ಮೊದಲನೆಯದು, ಅಂತರ. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗುವುದಕ್ಕೆ ಮುನ್ನ ಕನಿಷ್ಠ ೨೪ ತಿಂಗಳು ಕಳೆಯಲೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ತಾಯಂದಿರಿಗೂ ಸಲಹೆಮಾಡಿದೆ. ಗರ್ಭಕೋಶದಲ್ಲಿ ಗಾಯವಿರುವವರು ಈ ಸಲಹೆಯನ್ನು ಮತ್ತಷ್ಟು ಗೌರವದಿಂದ ಪಾಲಿಸಬೇಕು.

ಎರಡನೆಯದು, ದಿನದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ ೨೮೦ ದಿನಗಳು, ಎಂದರೆ ೪೦ ವಾರಗಳು, ತುಂಬು ಬಸಿರಿನ ಅವಧಿ. ನಮ್ಮ ಹಿರಿಯರ ಒಂಬತ್ತು ತಿಂಗಳು ಒಂಬತ್ತು ದಿನದ ಲೆಕ್ಕವೂ ಇದಕ್ಕೆ ಬಹಳ ಹತ್ತಿರವಾದುದು. ಉದ್ದ ಸೀಳಾದವರಿಗೆ ಅಷ್ಟು ದಿನ ಕಾಯುವಂತಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘದ ಸೂಚನೆಯಂತೆ ೩೬ ವಾರ ತುಂಬಿದ ಮೇಲೆ, ೩೭ ವಾರ ತುಂಬುವುದರೊಳಗೆ ಸಿಸೇರಿಯನ್ ಮಾಡಬೇಕು. ಮಗುವಿನ ಶ್ವಾಸಕೋಶ ಬಲಿಯಲೆಂದು ಕಾದರೆ ಬೇನೆ ಬಂದೀತು. ಬೇನೆಗೆ ಹೆದರಿ ಬೇಗನೆ ತೆಗೆದರೆ ಮಗುವಿಗೆ ಉಸಿರಾಟ ಕಷ್ಟವಾದೀತು. ಈ ಎರಡು ಭಯಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ಗೊತ್ತುಮಾಡಿದ ದಿನಗಳಿವು. ಒಂದು ವಾರದ ತಪ್ಪೂ ಇಲ್ಲಿ ದೊಡ್ಡದಾದುದರಿಂದ, ಮುಟ್ಟಿನ ದಿನವನ್ನು ಬರೆದಿಡುವುದೂ ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ ಬಸಿರಿನ ವಯಸ್ಸನ್ನು ಗೊತ್ತುಮಾಡಿಕೊಳ್ಳುವುದೂ ಅವಶ್ಯಕ.

೩೬ ವಾರವೆಂದರೆ ಎಂಟು ತಿಂಗಳು ಮುಗಿದು ಒಂದು ವಾರ ಕಳೆದ ಸಮಯ. “ಒಂಬತ್ತು ತುಂಬಲಿ, ಬೇನೆ ಬರಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು” ಎಂಬ ಮಾತು ಇಂಥವರ ಮನೆಯಲ್ಲಿ ಕೇಳಬಾರದು. ಸೀಮಂತ ಮುಗಿಸಿ ತವರಿಗೆ ಕರೆದೊಯ್ಯುವುದಿದ್ದರೂ, ಶಸ್ತ್ರಕ್ರಿಯೆಯ ಕೋಣೆ, ರಕ್ತನಿಧಿ, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಇರುವ ಆಸ್ಪತ್ರೆ ಅಲ್ಲಿ ಹತ್ತಿರದಲ್ಲಿದೆಯೇ ಎಂದು ನೋಡಿ ದಿನವನ್ನು ಗೊತ್ತುಮಾಡಬೇಕು. ಖರ್ಚಿನ ಚಿಂತೆಯಿಂದ ಹಿಂಜರಿಯುವವರಿಗೆ ಒಂದು ಮಾತು: ೨೦೧೧ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಮೇರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಉಚಿತ.

ಮೂರನೆಯದು, ಮಾಸಿನ ಸ್ಥಾನ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತು ಹಳೆಯ ಗಾಯದೊಳಕ್ಕೆ ಬೇರುಬಿಟ್ಟರೆ, ಹೆರಿಗೆಯಲ್ಲಿ ಅದು ಬಿಡಿಸಿಕೊಳ್ಳದೆ ವಿಪರೀತ ರಕ್ತಸ್ರಾವವಾಗುತ್ತದೆ. ೨೦೦೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಂತೆ, ಮಾಸು ಹೀಗೆ ಅಡ್ಡ ಕುಳಿತವರಲ್ಲಿ ಅದು ಬೇರೂರುವ ಸಂಭವ ಎರಡನೆಯ ಸಿಸೇರಿಯನ್ನಿನಲ್ಲಿ ಶೇಕಡ ೧೧, ಮೂರನೆಯದರಲ್ಲಿ ಶೇಕಡ ೪೦, ನಾಲ್ಕನೆಯದರಲ್ಲಿ ಶೇಕಡ ೬೧. ಮಾಸು ಅಡ್ಡ ಕೂರುವುದೇ ಅಪರೂಪವೆಂಬುದು ನಿಜ. ಆದರೆ ಈ ಅಂಕೆಗಳು ಏರುವ ವೇಗವು ಇನ್ನೆಷ್ಟು ಮಕ್ಕಳು ಬೇಕೆಂಬ ಯೋಚನೆಯಲ್ಲಿ ಗಂಡಹೆಂಡಿರಿಬ್ಬರಿಗೂ ತಿಳಿದಿರಬೇಕು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆಯೆಂದು ಕೇಳಿ ತಿಳಿಯುವುದು ಒಳ್ಳೆಯದು.

ನಾಲ್ಕನೆಯದು, ಔಷಧಿಯ ವಿಷಯ. ಬೇನೆ ಬರಿಸುವ ಔಷಧಿಗಳು ಉದ್ದ ಸೀಳಾದವರಿಗೆ ವರ್ಜ್ಯ. ಗರ್ಭಪಾತದ ಗುಳಿಗೆಗಳೂ ಗರ್ಭಕೋಶವನ್ನು ಬಲವಾಗಿ ಮುದುಡಿಸುವಂಥವೇ ಆದುದರಿಂದ, ವೈದ್ಯರನ್ನು ಕೇಳದೆ ಔಷಧದಂಗಡಿಯಿಂದ ತಂದು ನುಂಗುವುದು ಬಹಳ ಅಪಾಯಕರ.

ಕೊನೆಯದಾಗಿ, ಎಚ್ಚರಿಕೆಯ ಲಕ್ಷಣಗಳು. ಯಾವ ತಿಂಗಳಿನಲ್ಲೇ ಆಗಲಿ ಹೊಟ್ಟೆಯಲ್ಲಿ ಹಠಾತ್ತಾಗಿ ತೀವ್ರವಾದ ನೋವು, ರಕ್ತ ಕಾಣಿಸುವುದು, ಕಣ್ಣು ಕತ್ತಲಿಡುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಬಿಟ್ಟು ಬಿಟ್ಟು ಬೇನೆ ಬರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಕೂಡದು. ೧೦೮ಕ್ಕೆ ಕರೆಮಾಡಿ ಕೂಡಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಗರ್ಭಕೋಶದಲ್ಲಿ ಉದ್ದ ಸೀಳಿದೆಯೆಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು.

ಬೀರುವಿನಲ್ಲಿರುವ ಕಾಗದ

ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಫಲಿಸುವುದು, ಒಳಗಿನ ಸೀಳು ಯಾವುದೆಂದು ತಿಳಿದಿದ್ದಾಗ ಮಾತ್ರ. ಗಾಯ ಮಾಗಿದ ಮೇಲೆ ಹೊಟ್ಟೆಯನ್ನು ನೋಡಿಯೋ ಮುಟ್ಟಿಯೋ ಯಾರೂ ಅದನ್ನು ಹೇಳಲಾರರು; ಸ್ಕ್ಯಾನಿನಿಂದಲೂ ಖಚಿತವಾಗಿ ತಿಳಿಯುವಂತಿಲ್ಲ. ಅದನ್ನು ನಿಶ್ಚಯವಾಗಿ ಬಲ್ಲದ್ದು ಶಸ್ತ್ರಕ್ರಿಯೆಯ ದಿನ ವೈದ್ಯರು ಬರೆದ ವರದಿಯೊಂದೇ. ಆದುದರಿಂದ ಸಿಸೇರಿಯನ್ ಆದ ಪ್ರತಿಯೊಬ್ಬಳೂ ಆಸ್ಪತ್ರೆಯಿಂದ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಗರ್ಭಕೋಶದ ಸೀಳು ಅಡ್ಡವೋ ಉದ್ದವೋ? ಉದ್ದವಾದರೆ ಏಕೆ ಬೇಕಾಯಿತು? ಮುಂದಿನ ಸಲ ಬೇನೆಗೆ ಬಿಡಬಹುದೋ ಬಾರದೋ? ಉತ್ತರವನ್ನು ಬಿಡುಗಡೆಯ ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಒಂದು ಪ್ರತಿಯನ್ನು ತಾಯಿ ಕಾರ್ಡಿನೊಡನೆ ಇಟ್ಟು, ಅದರ ಚಿತ್ರವನ್ನು ತನ್ನ ಮತ್ತು ಗಂಡನ ಫೋನಿನಲ್ಲಿ ಉಳಿಸಿಕೊಂಡರೆ ಇನ್ನೂ ಮೇಲು. ಈಗಾಗಲೆ ಸಿಸೇರಿಯನ್ ಆಗಿ ಕಾಗದ ತವರಿನಲ್ಲಿದ್ದರೆ, ಬಸಿರಾಗುವವರೆಗೆ ಕಾಯದೆ ಇಂದೇ ತರಿಸಿಕೊಳ್ಳಲಿ. ಅದು ಕಳೆದುಹೋಗಿದ್ದರೆ ಆ ಆಸ್ಪತ್ರೆಗೆ ಹೋಗಿ ದಾಖಲೆಯ ನಕಲನ್ನು ಕೇಳಲಿ.

ಸೀರೆ ಒಡವೆಗಳನ್ನು ಮಗಳ ಜೊತೆಯಲ್ಲಿ ಮರೆಯದೆ ಕಳುಹಿಸಿಕೊಡುವ ತಾಯಂದಿರು ಈ ಒಂದು ಹಾಳೆ ಕಾಗದವನ್ನೂ ಮರೆಯದೆ ಕಳುಹಿಸಿಕೊಡಬೇಕೆಂಬುದು ನಮ್ಮ ಕೋರಿಕೆ. ಮುಂದಿನ ಮೊಮ್ಮಗುವಿನ ಪ್ರಾಣವೂ ಮಗಳ ಪ್ರಾಣವೂ ಅದರಲ್ಲಿ ಬರೆದಿರುವ ಒಂದೇ ಒಂದು ಮಾತನ್ನು ಅವಲಂಬಿಸಿರಬಹುದು.