ಹರಿಯುವ ನೀರು, ನಿಲ್ಲುವ ನೀರು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಯು ಪೂರ್ವಾಭಿಮುಖವಾಗಿ ಹರಿದು, ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ನೆಲವನ್ನು ತಣಿಸಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನು ಆಂಗ್ಲರನ್ನು ಎದುರಿಸಿದ ಕಿತ್ತೂರು, ಆಕೆಯ ಸಮಾಧಿಯಿರುವ ಬೈಲಹೊಂಗಲ, ಎಲ್ಲಮ್ಮನ ಗುಡ್ಡದಿಂದ ಹೆಸರಾದ ಸವದತ್ತಿ, ನೇಕಾರಿಕೆಯಿಂದ ಹೆಸರಾದ ರಾಮದುರ್ಗ ಇವೆಲ್ಲ ಒಂದೇ ನದಿಯ ಆಸರೆಯಲ್ಲಿ ಬೆಳೆದ ಊರುಗಳು. ಆದರೆ ಇವುಗಳಿಗೆ ದೊರೆತ ನೀರಿನ ಪಾಲು ಒಂದೇ ಸಮನಲ್ಲ. ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರವಾಗಿದೆ. ಅಲ್ಲಿಂದ ಮೂಡಣಕ್ಕೆ ಸರಿದಂತೆಲ್ಲ ಮಳೆ ಕಡಿಮೆಯಾಗಿ ಬಯಲು ಸೀಮೆಯ ಬಿಸಿಲು ಹೆಚ್ಚುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ರೇಣುಕಾ ಸಾಗರವು ನಿರ್ಮಾಣವಾಗಿ ಕಾಲುವೆಗಳು ಹರಿದರೂ, ಬೇಸಗೆ ಬಂತೆಂದರೆ ಅನೇಕ ಹಳ್ಳಿಗಳಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ.

ಇಂತಹ ಸೀಮೆಯ ಜನರನ್ನು ಎರಡು ಬಾಧೆಗಳು ಕಾಡುತ್ತವೆ. ಒಂದು, ಬಿಸಿಲಿನಲ್ಲಿ ದುಡಿಯುವವರಿಗೆ ಬರುವ ಮೂತ್ರಪಿಂಡದ ಹರಳಿನ ಬೇನೆ. ಇನ್ನೊಂದು, ಮಳೆಗಾಲದೊಡನೆ ಮನೆಮನೆಗೆ ಕಾಲಿಡುವ ಸೊಳ್ಳೆಯ ಜ್ವರ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿದ್ದಂತೆ ತೋರುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ ಎರಡರ ಬೇರೂ ನೀರಿನಲ್ಲಿಯೇ ಇದೆ. ದೇಹದೊಳಗೆ ನೀರು ಸಾಕಷ್ಟು ಹರಿಯದಿದ್ದರೆ ಹರಳು ಕಟ್ಟುತ್ತದೆ. ಮನೆಯ ಸುತ್ತ ನೀರು ನಿಂತರೆ ಸೊಳ್ಳೆ ಹುಟ್ಟುತ್ತದೆ.

ಮೊದಲು ಹರಳಿನ ವಿಷಯವನ್ನು ನೋಡೋಣ. ಬೆನ್ನೆಲುಬಿನ ಎರಡೂ ಮಗ್ಗುಲಲ್ಲಿ ಅವರೆಬೀಜದ ಆಕಾರದ ಒಂದೊಂದು ಮೂತ್ರಪಿಂಡವಿದೆ. ಪ್ರತಿಯೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ದೇಹಕ್ಕೆ ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸಿ, ಬೇಡವಾದುದನ್ನು ಒಂದೆರಡು ಲೀಟರು ಮೂತ್ರದ ರೂಪದಲ್ಲಿ ಹೊರಗೆ ಕಳುಹಿಸುತ್ತವೆ. ಆ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮುಂತಾದ ಪದಾರ್ಥಗಳು ಕರಗಿರುತ್ತವೆ.

ಈ ಪದಾರ್ಥಗಳು ಕರಗಿಯೇ ಇರಬೇಕಾದರೆ ನೀರು ಬೇಕು. ಸಕ್ಕರೆಯ ಗಟ್ಟಿ ಪಾಕವನ್ನು ಅಲುಗಾಡಿಸದೆ ಇಟ್ಟರೆ ಅದರಲ್ಲಿ ಹರಳು ಕಟ್ಟಿ ಕಲ್ಲುಸಕ್ಕರೆಯಾಗುವುದನ್ನು ಎಲ್ಲರೂ ಬಲ್ಲರು. ದೇಹದಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ ಕ್ರಿಯೆ. ಬಿಸಿಲಿನಲ್ಲಿ ಕಬ್ಬು ಕಡಿಯುವವನ, ಹತ್ತಿ ಬಿಡಿಸುವವಳ ಮೈಯ ನೀರು ಬೆವರಾಗಿ ಹೋಗುತ್ತದೆ. ಹೋದಷ್ಟು ನೀರನ್ನು ಕುಡಿದು ತುಂಬಿಕೊಳ್ಳದಿದ್ದರೆ ಮೂತ್ರವು ಗಟ್ಟಿಯಾಗುತ್ತದೆ. ಆಗ ಮೊದಲು ಕಣ್ಣಿಗೆ ಕಾಣದ ಒಂದು ಕಣ ರೂಪುಗೊಂಡು, ಅದರ ಮೇಲೆ ಪದರದ ಮೇಲೆ ಪದರ ಕೂಡಿ, ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದಾದ ಹರಳಾಗುತ್ತದೆ. ಇಂತಹ ಹರಳುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನಿಂದಾದವು.

ಹರಳು ಮೂತ್ರಪಿಂಡದಲ್ಲಿ ಸುಮ್ಮನೆ ಕುಳಿತಿರುವವರೆಗೆ ಅದರ ಇರವೇ ಗೊತ್ತಾಗದಿರಬಹುದು. ಅದು ಜಾರಿ ಕಿರಿದಾದ ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ಸೊಂಟದಿಂದ ತೊಡೆಯ ಸಂದಿನವರೆಗೆ ಅಲೆಅಲೆಯಾಗಿ ಬರುವ ನೋವು ಸಹಿಸಲಸಾಧ್ಯ. ವಾಂತಿಯಾಗುವುದುಂಟು, ಮೂತ್ರ ಕೆಂಪಾಗುವುದೂ ಉಂಟು. ಐದು ಮಿಲಿಮೀಟರಿಗಿಂತ ಚಿಕ್ಕದಾದ ಹರಳು ಹೆಚ್ಚಾಗಿ ತಾನಾಗಿಯೇ ಹೊರಬೀಳುತ್ತದೆ. ಆದರೆ ನೋವಿನೊಡನೆ ಚಳಿಜ್ವರ ಬಂದರೆ, ಇಲ್ಲವೆ ಮೂತ್ರ ಕಟ್ಟಿದರೆ, ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ದಾರಿ ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಮೂತ್ರಪಿಂಡ ಮಾತ್ರವಲ್ಲ, ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ಈ ರೋಗವು ಹೊಸದೇನೂ ಅಲ್ಲ. ಸುಶ್ರುತ ಸಂಹಿತೆಯು ಇದನ್ನು 'ಅಶ್ಮರೀ' ಎಂದು ಕರೆದು, ಔಷಧದಿಂದ ಗುಣವಾಗದಿದ್ದಾಗ ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವನ್ನು ವರ್ಣಿಸಿದೆ. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ, ದೇಹವನ್ನು ಕೊಯ್ಯದೆ, ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ರೋಗಿಯ ಹರಳನ್ನು ಪುಡಿಮಾಡಲಾಯಿತು. ಇಂದು ತೆಳುವಾದ ದೂರ್ಬೀನನ್ನು ಮೂತ್ರದ್ವಾರದ ಮೂಲಕ ಕಳುಹಿಸಿ ಲೇಸರ್ ಕಿರಣದಿಂದ ಹರಳನ್ನು ಒಡೆಯುವುದೂ ಸಾಧ್ಯವಾಗಿದೆ. ಹಳ್ಳಿಗಳಲ್ಲಿ ಬಾಳೆದಿಂಡಿನ ರಸವನ್ನೂ ಹುರುಳಿಯ ಕಟ್ಟನ್ನೂ ಕುಡಿಸುವ ರೂಢಿ ಬಹು ಹಿಂದಿನದು. ಅವುಗಳೊಡನೆ ಹೊಟ್ಟೆಗೆ ಹೋಗುವ ನೀರು ಒಳ್ಳೆಯದೇ. ಆದರೆ ದೊಡ್ಡ ಹರಳು ಮೂತ್ರನಾಳವನ್ನು ಕಟ್ಟಿರುವಾಗ ಮನೆಮದ್ದನ್ನೇ ನಂಬಿ ತಿಂಗಳುಗಟ್ಟಲೆ ಕಾಯುವುದು ಮೂತ್ರಪಿಂಡವನ್ನು ಕಳೆದುಕೊಳ್ಳುವ ದಾರಿ.

ಹರಳನ್ನು ತೆಗೆದ ಮಾತ್ರಕ್ಕೆ ರೋಗ ಮುಗಿಯಿತೆಂದು ತಿಳಿಯಬಾರದು. ಒಮ್ಮೆ ಹರಳಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಎಚ್ಚರ ವಹಿಸದಿದ್ದರೆ, ಹತ್ತು ವರ್ಷಗಳೊಳಗೆ ಮತ್ತೆ ಹರಳಾಗುತ್ತದೆ. ಇದನ್ನು ತಡೆಯುವ ಮೊದಲ ಮದ್ದು ನೀರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರು ಮೂತ್ರವಾಗುವಷ್ಟು ನೀರನ್ನು ವಯಸ್ಕರು ಕುಡಿಯಬೇಕು. ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಮೂರು ಲೀಟರು ನೀರೂ ಸಾಲದು. ಮೂತ್ರದ ಬಣ್ಣ ತೆಳುವಾಗಿದ್ದರೆ ನೀರು ಸಾಕಾಗಿದೆಯೆಂದೂ, ಗಾಢ ಹಳದಿಯಾಗಿದ್ದರೆ ಸಾಲದೆಂದೂ ತಿಳಿಯಬಹುದು. ಹೃದ್ರೋಗ ಮುಂತಾದ ಕಾರಣಗಳಿಗಾಗಿ ನೀರಿನ ಮಿತಿಯನ್ನು ವೈದ್ಯರು ಗೊತ್ತುಮಾಡಿದ್ದರೆ ಅದನ್ನೇ ಪಾಲಿಸಬೇಕು.

ಆಹಾರದಲ್ಲಿಯೂ ಕೆಲವು ತಪ್ಪು ತಿಳಿವಳಿಕೆಗಳಿವೆ. ಹರಳಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು, ಮಜ್ಜಿಗೆಗಳನ್ನು ಬಿಡುವವರುಂಟು. ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಊಟದೊಡನೆ ಸೇವಿಸಿದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು, ಅದು ಮೂತ್ರಕ್ಕೆ ಸೇರದಂತೆ ತಡೆಯುತ್ತದೆ. ಆದ್ದರಿಂದ ರೊಟ್ಟಿಯೊಡನೆ ಮಜ್ಜಿಗೆ ಕುಡಿಯುವ ಈ ನಾಡಿನ ರೂಢಿ ಒಳ್ಳೆಯದು. ಕಡಿಮೆ ಮಾಡಬೇಕಾದುದು ಉಪ್ಪು. ಉಪ್ಪು ಹೆಚ್ಚಾದರೆ ಮೂತ್ರಕ್ಕೆ ಸೇರುವ ಕ್ಯಾಲ್ಸಿಯಮ್ಮೂ ಹೆಚ್ಚುತ್ತದೆ. ನಿಂಬೆರಸದಲ್ಲಿರುವ ಸಿಟ್ರೇಟು ಹರಳು ಕಟ್ಟುವುದನ್ನು ತಡೆಯಲು ನೆರವಾಗುತ್ತದೆ. ಇನ್ನು, ಕೊಳವೆಬಾವಿಯ ಗಡಸು ನೀರೇ ಹರಳಿಗೆ ಕಾರಣವೆಂದು ಹಲವರು ಹೆದರುತ್ತಾರೆ. ಆ ಹೆದರಿಕೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಹರಳಿಗೆ ತಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ನೀರು ಕುಡಿಯಬೇಕೆಂದು ಹೇಳುವುದು ಸುಲಭ. ಆದರೆ ಮರೆಯಿಲ್ಲದ ಬಯಲು ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಕೋಚದಿಂದ ಬೆಳಗಿನಿಂದ ಸಂಜೆಯವರೆಗೆ ಬಾಯಾರಿಕೆಯನ್ನು ತಡೆದುಕೊಳ್ಳುತ್ತಾರೆ. ಶೌಚಾಲಯ ಶುಚಿಯಾಗಿಲ್ಲದ ಶಾಲೆಗಳಲ್ಲಿ ವಿದ್ಯಾರ್ಥಿನಿಯರೂ ಹಾಗೆಯೇ ಮಾಡುತ್ತಾರೆ. ಇದು ಅವರ ಅಜ್ಞಾನವಲ್ಲ, ಸೌಕರ್ಯದ ಕೊರತೆ. ಇದರ ಫಲವಾಗಿ ಹರಳೂ ಮೂತ್ರದ ಸೋಂಕೂ ಅವರನ್ನು ಬಾಧಿಸಬಹುದು. ಶುಚಿಯಾದ ಶೌಚಾಲಯವೂ ಒಂದು ಔಷಧವೆಂಬುದನ್ನು ಊರಿನ ಹಿರಿಯರು ಅರಿಯಬೇಕು.

ಕುಡಿಯಲು ಬೇಕಾದಷ್ಟು ನೀರು ಮನೆಯಲ್ಲಿರಬೇಕಾದರೆ ಅದನ್ನು ತುಂಬಿಡಬೇಕಾಗುತ್ತದೆ. ನಳದ ನೀರು ಹಲವು ದಿನಗಳಿಗೊಮ್ಮೆ ಬರುವ ಊರುಗಳಲ್ಲಿ ಹರವಿ, ಹಂಡೆ, ತೊಟ್ಟಿ, ಪ್ಲಾಸ್ಟಿಕ್ ಪೀಪಾಯಿಗಳೆಲ್ಲ ತುಂಬಿರುತ್ತವೆ. ಹೀಗೆ ಒಂದು ರೋಗವನ್ನು ದೂರವಿಡಲು ಕೂಡಿಟ್ಟ ನೀರೇ, ಮುಚ್ಚಳವಿಲ್ಲದಿದ್ದರೆ, ಇನ್ನೊಂದು ರೋಗದ ತೊಟ್ಟಿಲಾಗುತ್ತದೆ. ಸೊಳ್ಳೆಯ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ.

ಸೊಳ್ಳೆಗೂ ನಿಂತ ನೀರಿಗೂ ಇರುವ ನಂಟನ್ನು ಕನ್ನಡ ನಾಡಿನಲ್ಲಿಯೇ ಗಮನಿಸಿದವರಲ್ಲಿ ರೊನಾಲ್ಡ್ ರಾಸ್ ಪ್ರಮುಖರು. ಅವರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಹುಡುಕಿ ನೋಡಿದಾಗ ಕಿಟಕಿಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಹರಿದಾಡುತ್ತಿದ್ದವು. ಆ ನೀರನ್ನು ಚೆಲ್ಲಿಸಿದ ಮೇಲೆ ಸೊಳ್ಳೆಗಳು ಕಡಿಮೆಯಾದವು. ಮುಂದೆ ಅದೇ ರಾಸ್ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದರು. ಇದಕ್ಕಾಗಿ 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಬೆಂಗಳೂರಿನ ಆ ತೊಟ್ಟಿ ಕಲಿಸಿದ ಪಾಠವೂ ಸಣ್ಣದಲ್ಲ. ನಿಂತ ನೀರನ್ನು ಚೆಲ್ಲಲು ಯಾವ ಯಂತ್ರವೂ ಬೇಕಿಲ್ಲ.

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ರಾತ್ರಿ ಕಚ್ಚುತ್ತದೆ. ಬಾವಿ, ತೊಟ್ಟಿ, ಕಾಲುವೆಯ ಸೋರಿಕೆಯಿಂದ ನಿಂತ ತಿಳಿನೀರು ಅದರ ನೆಲೆ. ಡೆಂಗಿ ಮತ್ತು ಚಿಕುನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಯಾದರೋ ಹಗಲುಹೊತ್ತಿನಲ್ಲಿ, ಅದರಲ್ಲಿಯೂ ಬೆಳಗ್ಗೆ ಮತ್ತು ಸಂಜೆಗೆ ಮುನ್ನ ಕಚ್ಚುತ್ತದೆ. ಅದು ಹುಟ್ಟುವುದು ಮನೆಯ ಪೀಪಾಯಿಯಲ್ಲಿ, ದನಗಳ ಬಾನಿಯಲ್ಲಿ, ಹಿತ್ತಿಲಲ್ಲಿ ಎಸೆದ ಟೈರು ಮತ್ತು ತೆಂಗಿನ ಚಿಪ್ಪಿನಲ್ಲಿ. ರಾತ್ರಿಯ ಸೊಳ್ಳೆಪರದೆಯೊಂದರಿಂದಲೇ ಇದನ್ನು ತಡೆಯಲಾಗುವುದಿಲ್ಲ.

ಇದರ ಬಲ ಎಷ್ಟೆಂಬುದನ್ನು ಕರ್ನಾಟಕ 2006ರಲ್ಲಿ ಕಂಡಿತು. ಆ ವರ್ಷ ದೇಶದಲ್ಲಿ ಚಿಕುನ್‌ಗುನ್ಯಾ ಎಂದು ಶಂಕಿಸಲಾದವರ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ನಾಟಕದವರು. ಕೀಲುಕೀಲು ಹಿಡಿದು ತಿಂಗಳುಗಟ್ಟಲೆ ನೆಟ್ಟಗೆ ನಡೆಯಲಾರದೆ ಹೋದ ರೈತ ಕೂಲಿಕಾರರ ಕುಟುಂಬಗಳು ದುಡಿಮೆಯನ್ನೇ ಕಳೆದುಕೊಂಡವು. ಮೈಯನ್ನು ಬಗ್ಗಿಸುವುದು ಎಂಬ ಅರ್ಥದ ಆಫ್ರಿಕದ ಮಾತಿನಿಂದ ಬಂದ ಆ ಹೆಸರು ನಮ್ಮ ಹಳ್ಳಿಗಳಿಗೆ ಚಿರಪರಿಚಿತವಾಯಿತು.

ಈ ವೈರಿಯ ದುರ್ಬಲ ಸ್ಥಾನ ಅದರ ಬಾಲ್ಯದಲ್ಲಿದೆ. ಮೊಟ್ಟೆಯು ಮರಿಯಾಗಿ, ಕೋಶವಾಗಿ, ರೆಕ್ಕೆಯ ಸೊಳ್ಳೆಯಾಗಲು ನೀರಿನಲ್ಲಿ ಸುಮಾರು ಏಳರಿಂದ ಹತ್ತು ದಿನಗಳು ಬೇಕು. ಆದ್ದರಿಂದ ವಾರಕ್ಕೊಮ್ಮೆ ಮನೆಯ ಎಲ್ಲ ಪಾತ್ರೆಗಳನ್ನು ಬರಿದುಮಾಡಿ ಒಣಗಿಸಿದರೆ ಒಂದು ಸೊಳ್ಳೆಯೂ ಹಾರಲಾರದು. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಸೊಳ್ಳೆಯು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಮೊಟ್ಟೆಯನ್ನು ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದ ಪಾತ್ರೆಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಮರಿಯಾಗುತ್ತವೆ. ಆದುದರಿಂದ ಪಾತ್ರೆಯ ಒಳಮೈಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಬರಿದುಮಾಡಲಾಗದ ದೊಡ್ಡ ತೊಟ್ಟಿಯನ್ನು ಬಿಗಿಯಾಗಿ ಮುಚ್ಚಬೇಕು. ಬಾವಿ ಮತ್ತು ಹೊಂಡಗಳಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು.

ಜ್ವರ ಬಂದಾಗಲೂ ವಿವೇಕ ಬೇಕು. ರಕ್ತವನ್ನು ಪರೀಕ್ಷಿಸದೆ ಯಾವ ಜ್ವರವೆಂದು ಹೇಳಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾಕ್ಕಾಗಿ ರಕ್ತಪರೀಕ್ಷೆ ಮಾಡುತ್ತಾರೆ. ಮಲೇರಿಯಾ ಎಂದಾದರೆ ಜ್ವರ ಇಳಿದರೂ ಗುಳಿಗೆಗಳನ್ನು ಪೂರ್ತಿ ನುಂಗಬೇಕು. ಡೆಂಗಿಗೆ ರೋಗಾಣುವನ್ನೇ ಕೊಲ್ಲುವ ಔಷಧವಿಲ್ಲ. ವಿಶ್ರಾಂತಿ, ಸಾಕಷ್ಟು ದ್ರವಾಹಾರ, ವೈದ್ಯರ ನಿಗಾ ಇವೇ ಅದರ ಚಿಕಿತ್ಸೆ. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಗುಳಿಗೆಗಳನ್ನು ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಕಠಿಣವಾದ ಹೊತ್ತು. ಆಗ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೈ ತಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಹರಳನ್ನು ತಡೆಯಲು ಒಬ್ಬನು ತಾನು ನೀರು ಕುಡಿದರೆ ಬಹುಮಟ್ಟಿಗೆ ಸಾಕು. ಸೊಳ್ಳೆಯ ವಿಷಯ ಹಾಗಲ್ಲ. ಒಂದು ಮನೆಯ ಪೀಪಾಯಿಯಲ್ಲಿ ಹುಟ್ಟಿದ ಸೊಳ್ಳೆ ನೆರೆಮನೆಯ ಕೂಸನ್ನು ಕಚ್ಚುತ್ತದೆ. ಅದಕ್ಕೆ ಗೋಡೆಯ ಲೆಕ್ಕವಿಲ್ಲ. 2024ರಲ್ಲಿ ಕರ್ನಾಟಕ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನು ಮಾಡಿದ್ದು ಈ ಕಾರಣದಿಂದಲೇ. ಆದರೆ ಅಧಿಕಾರಿಯು ಪ್ರತಿ ಮನೆಯ ಹಿತ್ತಿಲನ್ನು ಪ್ರತಿ ವಾರವೂ ನೋಡಲಾರನು. ಆ ಮನೆಯ ಮಕ್ಕಳು ನೋಡಬಲ್ಲರು. ಹೊಲಕ್ಕೆ ಹೊರಟ ತಂದೆತಾಯಿಯರ ಬುತ್ತಿಯ ಜೊತೆಗೆ ತುಂಬಿದ ನೀರಿನ ಪಾತ್ರೆಯಿದೆಯೇ, ಮನೆಯಲ್ಲಿ ತುಂಬಿಟ್ಟ ನೀರಿಗೆ ಮುಚ್ಚಳವಿದೆಯೇ ಎಂದು ವಿಚಾರಿಸುವ ವಿದ್ಯಾರ್ಥಿಯು ತನ್ನ ಮನೆಯನ್ನೂ ನೆರೆಮನೆಯನ್ನೂ ಕಾಯುತ್ತಾನೆ.