ಬಚ್ಚಲೊಲೆಯ ಸೌದೆಯ ಲೆಕ್ಕ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಮಳೆ ಅಲ್ಪ, ಮರ ವಿರಳ. ಇಲ್ಲಿ ಸ್ನಾನದ ಹಂಡೆಯ ಕೆಳಗೆ ವ್ಯರ್ಥವಾಗಿ ಉರಿದ ಸೌದೆಯು ಮನೆಗೂ ನಷ್ಟ, ನಾಡಿಗೂ ನಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸೌದೆ ಉಳಿಸುವ ಒಲೆಯನ್ನು ರೂಪಿಸಿತು. ಉರಿಗೆ ಮಿತವಾದ ಗಾಳಿ, ಪಾತ್ರೆಗೆ ಹೆಚ್ಚು ಶಾಖ, ಹೊಗೆಗೆ ಕೊಳವೆ: ಹಂಡೆಯೊಲೆಗೂ ಇದೇ ಸೂತ್ರ.

ಹಳೆಯ ಒಲೆಯನ್ನು ಕೆಡವಿ ಹೊಸದನ್ನು ಕಟ್ಟಿದ ಮೇಲೆ ಉಳಿತಾಯವೆಷ್ಟು? ಸೌದೆಯನ್ನು ಮಾತ್ರ ತೂಗಿದರೆ ಸಾಲದು.

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೊಕ್ಯಾಲರಿ ಶಾಖ ಬೇಕು. ಬೇಸಗೆಯಲ್ಲಿ ಹಳೆಯ ಒಲೆಯು 40 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಕಾಯಿಸಲು 2000 ಗ್ರಾಂ ಸೌದೆ ಉರಿಸಿತೆನ್ನೋಣ. ನೀರಿಗೆ ಸೇರಿದ ಶಾಖ 800 ಕಿಲೊಕ್ಯಾಲರಿ, ಒಂದಕ್ಕೆ 2.5 ಗ್ರಾಂ. ಚಳಿಗಾಲದಲ್ಲಿ ಹೊಸ ಒಲೆಯು ಅಷ್ಟೇ ನೀರನ್ನು 18ರಿಂದ 45 ಡಿಗ್ರಿಗೆ ಕಾಯಿಸಲು 1350 ಗ್ರಾಂ ಉರಿಸಿತೆನ್ನೋಣ. ಶಾಖ 1080, ಒಂದಕ್ಕೆ 1.25 ಗ್ರಾಂ. ತಕ್ಕಡಿ ತೋರುವ ಉಳಿತಾಯ ಮೂರನೆಯ ಒಂದು ಪಾಲಿಗೂ ಕಡಿಮೆ. ನಿಜವಾದ ಉಳಿತಾಯ ಸರಿಯಾಗಿ ಅರ್ಧ!

ಎರಡು ಸಲವೂ ಒಂದೇ ಜಾತಿಯ ಒಣಸೌದೆಯಿರಲಿ. ಹಸಿಸೌದೆಯ ಶಾಖವು ತನ್ನ ನೀರನ್ನೇ ಆರಿಸುವುದರಲ್ಲಿ ಕಳೆಯುತ್ತದೆ. ಉರಿಯದೆ ಮಿಕ್ಕ ಕೊಳ್ಳಿಯನ್ನು ತೂಗಿ ಕಳೆಯಬೇಕು. ವಿದ್ಯಾರ್ಥಿಗಳು ಒಂದು ವಾರ ಹೀಗೆ ಬರೆದಿಟ್ಟರೆ, ಹೊಸ ಒಲೆಗೆ ತಗಲಿದ ಹಣ ಎಂದು ಮರಳುವುದೆಂಬುದನ್ನು ತಂದೆತಾಯಿಗಳಿಗೆ ತಾವೇ ಲೆಕ್ಕಹಾಕಿ ಹೇಳಬಲ್ಲರು.